ಅಮಾನತು ಖಾತೆ ಇಲ್ಲದ ಲೆಕ್ಕ

ಬಿಕಾಂ ಮೊದಲ ವರ್ಷದಲ್ಲೇ ಕಲಿಸುವ ಒಂದು ಸಣ್ಣ ಪಾಠವಿದೆ. ತಾಳೆಪಟ್ಟಿಯ ಎರಡು ಬದಿಗಳು ಸಮವಾಗದಿದ್ದರೆ ಗಾಬರಿಯಾಗಬೇಕಿಲ್ಲ. ವ್ಯತ್ಯಾಸದ ಮೊತ್ತವನ್ನು ಅಮಾನತು ಖಾತೆ, ಅಂದರೆ ಸಸ್ಪೆನ್ಸ್ ಅಕೌಂಟ್ ಎಂಬಲ್ಲಿ ಇಟ್ಟು, ತಪ್ಪು ಎಲ್ಲಿದೆ ಎಂದು ಹುಡುಕುತ್ತಾ ಹೋಗಬೇಕು. ಸಿಕ್ಕ ತಪ್ಪುಗಳನ್ನು ಸರಿಪಡಿಸಿದಂತೆ ಆ ಖಾತೆ ಕರಗುತ್ತಾ ಬಂದು ಕೊನೆಗೆ ಸೊನ್ನೆಯಾಗುತ್ತದೆ. ಪರೀಕ್ಷೆಯಲ್ಲಿ ಐದಾರು ಅಂಕಕ್ಕೆ ಬರುವ ಈ ಪ್ರಶ್ನೆಯನ್ನು ನಾವೆಲ್ಲ ಯಾಂತ್ರಿಕವಾಗಿ ಬಿಡಿಸಿ ಮರೆತವರೇ. ಆದರೆ ಲೆಕ್ಕಪುಸ್ತಕದಲ್ಲಿ 'ಇಲ್ಲೇನೋ ತಪ್ಪಾಗಿದೆ, ಏನೆಂದು ಇನ್ನೂ ಗೊತ್ತಿಲ್ಲ' ಎಂದು ಹೇಳಲು ಇರುವ ಜಾಗ ಅದೊಂದೇ. ಆ ಜಾಗವನ್ನು ತೆಗೆದುಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅಂಚೆ ಇಲಾಖೆಯ ಹೊರೈಜನ್ ಎಂಬ ತಂತ್ರಾಂಶದ ಚರಿತ್ರೆ ಸಾಕ್ಷಿ.

ಈ ಪ್ರಕರಣದ ಹೊರಸಾಲು ಈಗ ಬಹಳ ಜನಕ್ಕೆ ಗೊತ್ತು. 2024ರ ಜನವರಿಯಲ್ಲಿ ಇಲ್ಲಿನ ಐಟಿವಿ ವಾಹಿನಿ ಅದನ್ನು ನಾಲ್ಕು ಕಂತುಗಳ ನಾಟಕವಾಗಿ ತೋರಿಸಿದಾಗ ದೇಶವೇ ಎದ್ದು ಕೂತಿತು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಸಬ್ ಪೋಸ್ಟ್‌ಮಾಸ್ಟರುಗಳು ಕಳ್ಳತನ, ವಂಚನೆ, ಸುಳ್ಳು ಲೆಕ್ಕದ ಆರೋಪದಲ್ಲಿ ಶಿಕ್ಷೆಗೊಳಗಾದರು. ಅವರ ಮೇಲಿದ್ದ ಮುಖ್ಯ ಸಾಕ್ಷಿ ಒಂದು ಕಂಪ್ಯೂಟರ್ ಹೇಳಿದ ಅಂಕಿ. ಆ ಅಂಕಿಯೇ ತಪ್ಪಿರಬಹುದಾಗಿತ್ತು. ಸುದ್ದಿಯಲ್ಲಿ ಬಂದದ್ದು ಜನರ ಕತೆ, ಅದು ಹಾಗೇ ಬರಬೇಕಿತ್ತು. ನಾನು ಇಲ್ಲಿ ಬರೆಯಹೊರಟಿರುವುದು ತಂತ್ರಾಂಶದ ಕತೆ. ಒಂದು ತಂತ್ರಾಂಶ ಹುಟ್ಟುವಾಗಲೇ ಹೇಗೆ ವಕ್ರವಾಗಿತ್ತು, ಆಮೇಲೆ ಪ್ರತಿ ದುರಸ್ತಿಯಲ್ಲೂ ಹೇಗೆ ಇನ್ನಷ್ಟು ಶಿಥಿಲವಾಗುತ್ತ ಹೋಯಿತು ಎಂಬುದು. ಇದನ್ನು ಸಾಫ್ಟ್‌ವೇರ್ ಎಂಜಿನಿಯರ್ ಬರೆದರೆ ಬೇರೆ ರೀತಿ ಬರೆದಾರು. ನಾನು ಲೆಕ್ಕಿಗ, ಲೆಕ್ಕದ ಬಾಗಿಲಿನಿಂದ ಒಳಹೋಗುತ್ತೇನೆ.

ಮೊದಲು ಸಬ್ ಪೋಸ್ಟ್‌ಮಾಸ್ಟರ್ ಎಂದರೆ ಯಾರು ಎಂದು ಊರಿನ ಓದುಗರಿಗೆ ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಬ್ರಾಂಚ್ ಪೋಸ್ಟ್‌ಮಾಸ್ಟರರ ಮನೆಯ ಜಗುಲಿಯೇ ಅಂಚೆಕಚೇರಿಯಾಗಿರುತ್ತಿದ್ದುದು ಹಲವರಿಗೆ ನೆನಪಿರಬಹುದು. ಬ್ರಿಟನ್ನಿನಲ್ಲಿ ಹೆಚ್ಚುಕಡಿಮೆ ಅದೇ ಪದ್ಧತಿ, ಜಗುಲಿಯ ಬದಲು ಅಂಗಡಿ. ಹಾಲು, ಬ್ರೆಡ್ಡು, ಪತ್ರಿಕೆ ಮಾರುವ ಅಂಗಡಿಯ ಮೂಲೆಯಲ್ಲಿ ಗಾಜಿನ ಕಿಟಕಿ ಹಾಕಿಕೊಂಡ ಒಂದು ಕೌಂಟರ್. ಅದನ್ನು ನಡೆಸುವವರು ಪೋಸ್ಟ್ ಆಫೀಸಿನ ನೌಕರರಲ್ಲ, ಗುತ್ತಿಗೆದಾರರು. ತಮ್ಮ ಉಳಿತಾಯ ಹಾಕಿ, ಮನೆ ಅಡವಿಟ್ಟು ಅಂಗಡಿ ಕೊಂಡವರು. ಅವರಲ್ಲಿ ಭಾರತ ಉಪಖಂಡದ ಮೂಲದವರು ಬಹಳ. ಪಿಂಚಣಿ ಹಂಚುವುದು, ಅಂಚೆಚೀಟಿ, ವಾಹನ ತೆರಿಗೆ, ಬ್ಯಾಂಕಿನ ಹಣ, ಲಾಟರಿ, ಎಲ್ಲವೂ ಆ ಕಿಟಕಿಯಲ್ಲಿ ನಡೆಯುತ್ತಿತ್ತು. ವಾರಕ್ಕೊಮ್ಮೆ ನಗದು ಎಣಿಸಿ, ಕಾಗದದ ಹಾಳೆಯಲ್ಲಿ ಲೆಕ್ಕ ಬರೆದು ಕೇಂದ್ರಕ್ಕೆ ಕಳಿಸುತ್ತಿದ್ದರು. ಐದು ಹತ್ತು ಪೌಂಡ್ ಹೆಚ್ಚುಕಡಿಮೆ ಬಂದರೆ ಅದೂ ಹಾಳೆಯ ಮೇಲೆ ಕಾಣುತ್ತಿತ್ತು, ಹಿಂದಿರುಗಿ ಕೂಡಿ ಕಳೆದು ನೋಡಬಹುದಿತ್ತು.

ಹೊರೈಜನ್ ಈ ಲೆಕ್ಕಕ್ಕಾಗಿ ಹುಟ್ಟಿದ್ದಲ್ಲ ಎನ್ನುವುದು ಅದರ ಮೊದಲ ದೋಷ. 1996ರಲ್ಲಿ ಸಮಾಜ ಕಲ್ಯಾಣ ಇಲಾಖೆಯೂ ಪೋಸ್ಟ್ ಆಫೀಸೂ ಸೇರಿ ಐಸಿಎಲ್ ಕಂಪನಿಯ ಪಾಥ್‌ವೇ ಎಂಬ ಅಂಗಸಂಸ್ಥೆಗೆ ಒಂದು ದೊಡ್ಡ ಗುತ್ತಿಗೆ ಕೊಟ್ಟವು. ಉದ್ದೇಶ, ಪಿಂಚಣಿ ಮತ್ತು ಭತ್ಯೆ ಪಡೆಯುವವರ ಕಾಗದದ ಚೀಟಿ ಪುಸ್ತಕಗಳನ್ನು ತೆಗೆದು ಒಂದು ಮ್ಯಾಗ್ನೆಟಿಕ್ ಕಾರ್ಡ್ ಕೊಡುವುದು, ಅದರಿಂದ ಮೋಸ ತಡೆಯುವುದು. ಐಸಿಎಲ್‌ನಲ್ಲಿ ಆಗಲೇ ಜಪಾನಿನ ಫುಜಿತ್ಸುವಿನ ಪಾಲು ದೊಡ್ಡದಿತ್ತು, ಆಮೇಲೆ ಪೂರ್ತಿ ಅವರದೇ ಆಯಿತು. ಖಾಸಗಿಯವರು ಬಂಡವಾಳ ಹಾಕಿ ಕಟ್ಟುವುದು, ಮುಂದೆ ವ್ಯವಹಾರ ನಡೆದಂತೆ ಅವರಿಗೆ ಹಣ ಸಂದಾಯವಾಗುವುದು ಎಂಬ ಆ ಕಾಲದ ಫ್ಯಾಷನ್ನಿನ ಒಪ್ಪಂದ. ಕೌಂಟರಿನ ಲೆಕ್ಕ ಇಡುವ ಭಾಗಕ್ಕೆ ಇಪಾಸ್ ಎಂದು ಹೆಸರು. ಕಾರ್ಡೇ ಮದುಮಗ, ಇಪಾಸ್ ಜೊತೆಗೆ ಬಂದ ನೆಂಟ. ಅದನ್ನು ವಿವರವಾದ ವಿನ್ಯಾಸ ಪತ್ರಗಳಿಲ್ಲದೆ, ಒಂದು ಮಾದರಿ ಮಾಡಿ ತೋರಿಸಿ, ಸರಿಯಿಲ್ಲದ್ದನ್ನು ತಿದ್ದುತ್ತಾ ಹೋಗುವ ಅವಸರದ ಪದ್ಧತಿಯಲ್ಲಿ ಬರೆದರು.

ಕಾರ್ಡಿನ ಕೆಲಸ ಮೂರು ವರ್ಷ ಹಿಂದೆ ಬಿತ್ತು. 1999ರ ಮೇ ತಿಂಗಳಲ್ಲಿ ಸರ್ಕಾರ ಅದನ್ನು ರದ್ದು ಮಾಡಿತು. ಮದುಮಗನೇ ಇಲ್ಲದ ಮೇಲೆ ಮದುವೆ ನಿಲ್ಲಬೇಕಲ್ಲವೇ? ನಿಲ್ಲಲಿಲ್ಲ. ಅಷ್ಟು ಹಣ ಸುರಿದಾಗಿತ್ತು, ಕೈಚೆಲ್ಲಿದರೆ ಮುಖ ತೋರಿಸುವುದು ಹೇಗೆ ಎಂಬ ಚಿಂತೆ ಎರಡೂ ಕಡೆ ಇತ್ತು. ಹಾಗಾಗಿ ಉಳಿದದ್ದನ್ನು ದೇಶದ 17–18 ಸಾವಿರ ಅಂಚೆಕಚೇರಿಗಳ ಲೆಕ್ಕದ ಯಂತ್ರವನ್ನಾಗಿ ಹಾಕುವುದೆಂದಾಯಿತು. ನೆಂಟನನ್ನೇ ಹಸೆಮಣೆಯ ಮೇಲೆ ಕೂರಿಸಿದಂತೆ.

ಆ ನೆಂಟನ ಆರೋಗ್ಯ ಹೇಗಿತ್ತು ಎಂಬುದು ಒಳಗಿನವರಿಗೆ ಗೊತ್ತಿತ್ತು. 1998ರಲ್ಲಿ ಐಸಿಎಲ್ ತನ್ನದೇ ಒಂದು ಕಾರ್ಯಪಡೆಯನ್ನು ಇಪಾಸ್‌ನ ದೋಷಗಳನ್ನು ತೊಳೆಯಲು ಕೂರಿಸಿತು. ಆ ತಂಡ ಬರೆದ ವರದಿ ಎರಡು ದಶಕಗಳ ನಂತರ ಸಾರ್ವಜನಿಕ ವಿಚಾರಣೆಯಲ್ಲಿ ಹೊರಬಂತು. ಅದರಲ್ಲಿ ಮಾದರಿಯಾಗಿ ಕೊಟ್ಟ ಒಂದು ತುಣುಕು ನನ್ನಂಥವನಿಗೂ ಅರ್ಥವಾಗುತ್ತದೆ. ಒಂದು ಸಂಖ್ಯೆಯ ಚಿಹ್ನೆ ಬದಲಿಸಬೇಕು, ಐದಿದ್ದರೆ ಮೈನಸ್ ಐದು, ಮೈನಸ್ ಐದಿದ್ದರೆ ಐದು. ಹಿಂದೊಂದು ಮೈನಸ್ ಹಾಕಿದರೆ ಮುಗಿಯಿತು. ಆದರೆ ಆ ತುಣುಕು ಮಾಡುತ್ತಿದ್ದುದೇನೆಂದರೆ, ಸಂಖ್ಯೆ ಋಣವಾಗಿದೆಯೇ ಎಂದು ಮೊದಲು ಕೇಳುವುದು; ಹೌದಾದರೆ ಚಿಹ್ನೆ ಕಿತ್ತುಹಾಕುವುದು; ಇಲ್ಲವಾದರೆ ಆ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಬಂದದ್ದನ್ನು ಅದೇ ಸಂಖ್ಯೆಯಿಂದ ಕಳೆಯುವುದು. ತಮಾಷೆಯೆಂದರೆ ಉತ್ತರ ಸರಿಯಾಗಿಯೇ ಬರುತ್ತದೆ. ಮೂಗನ್ನು ತಲೆಯ ಹಿಂದಿನಿಂದ ಕೈ ತಂದು ಮುಟ್ಟಿದರೂ ಮುಟ್ಟಿದ್ದು ಮೂಗನ್ನೇ. ಆದರೆ ಜಮಾ-ಖರ್ಚಿನ ಚಿಹ್ನೆ ಬದಲಿಸುವುದಕ್ಕೆ ಇಷ್ಟು ಸುತ್ತುವವನು ಉಳಿದ ಲೆಕ್ಕವನ್ನು ಹೇಗೆ ಬರೆದಿರಬಹುದು ಎಂಬ ಅನುಮಾನ ಆ ವರದಿ ಬರೆದವರಿಗೂ ಬಂದಿತ್ತು. ಇಪಾಸ್ ಹೀಗೇ ಹೋದರೆ ಇನ್ನೂ ಹದಗೆಡುತ್ತದೆ, ಹೊಸದಾಗಿ ಬರೆಯುವುದೇ ಮೇಲು ಎಂಬ ಅಭಿಪ್ರಾಯ ದಾಖಲಾಯಿತು. ಮರುವರ್ಷದ ಆಂತರಿಕ ಪರಿಶೀಲನೆಯೂ ಆ ಮಾತನ್ನು ಮತ್ತೆ ಎತ್ತಿತು. ಆಡಳಿತ ವರ್ಗ ಖರ್ಚು ಲೆಕ್ಕ ಹಾಕಿ, ಮರುಬರಹ ಬೇಡ, ಬಂದ ದೋಷಗಳನ್ನು ಬಂದ ಹಾಗೆ ಸರಿಪಡಿಸೋಣ ಎಂದು ತೀರ್ಮಾನಿಸಿತು.

ತಂತ್ರಾಂಶ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ, ಮರದಂತೆ ಗೆದ್ದಲು ಹಿಡಿಯುವುದಿಲ್ಲ; ಆದರೂ ಹಳತಾಗುತ್ತದೆ. ಇದನ್ನು ಮೊದಲು ವ್ಯವಸ್ಥಿತವಾಗಿ ಹೇಳಿದವರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮ್ಯಾನಿ ಲೇಮನ್ ಮುಖ್ಯರು. ಐಬಿಎಂನ ದೊಡ್ಡ ಆಪರೇಟಿಂಗ್ ಸಿಸ್ಟಮ್ ಒಂದರ ಬೆಳವಣಿಗೆಯನ್ನು ಅಳೆದು ನೋಡಿದ ಅವರು 1970ರ ದಶಕದಲ್ಲಿ ಕೆಲವು ನಿಯಮಗಳನ್ನು ಮಂಡಿಸಿದರು. ಬಳಕೆಯಲ್ಲಿರುವ ತಂತ್ರಾಂಶ ಬದಲಾಗುತ್ತಲೇ ಇರಬೇಕು, ಇಲ್ಲವಾದರೆ ಅದರ ಉಪಯೋಗ ಕುಗ್ಗುತ್ತದೆ; ಬದಲಾದಂತೆಲ್ಲ ಅದರ ಗೋಜಲು ಹೆಚ್ಚುತ್ತದೆ, ಆ ಗೋಜಲನ್ನು ಬಿಡಿಸಲೆಂದೇ ಪ್ರತ್ಯೇಕ ಶ್ರಮ ಹಾಕದ ಹೊರತು. 1994ರಲ್ಲಿ ಡೇವಿಡ್ ಪಾರ್ನಸ್ ಎಂಬ ವಿದ್ವಾಂಸರು ಇದಕ್ಕೆ ಮುಪ್ಪು ಎಂದೇ ಹೆಸರಿಟ್ಟರು. ಮೂಲ ವಿನ್ಯಾಸದ ಅರಿವಿಲ್ಲದವರು ಮಾಡುವ ಬದಲಾವಣೆ ಮುಪ್ಪನ್ನು ಬೇಗ ತರುತ್ತದೆ ಎಂದರು. ಬೆಂಗಳೂರಿನಲ್ಲಿ ಪರದೇಶದ ಹಳೆಯ ತಂತ್ರಾಂಶಗಳನ್ನು ರಾತ್ರಿ ಪಾಳಿಯಲ್ಲಿ ಸಲಹುವ ತರುಣರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಲೆಕ್ಕಿಗನ ಕಿವಿ ನೆಟ್ಟಗಾಗುವ ಮಾತೊಂದನ್ನು ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ 1992ರಲ್ಲಿ ಹೇಳಿದರು. ಹಣಕಾಸು ಹೂಡಿಕೆಗಳ ತಂತ್ರಾಂಶ ಬರೆಯುತ್ತಿದ್ದ ಅವರು, ಅರೆಬರೆ ಕೋಡನ್ನು ಬಿಡುಗಡೆ ಮಾಡುವುದು ಸಾಲ ಮಾಡಿದ ಹಾಗೆ ಎಂದರು. ಬೇಗ ತೀರಿಸಿದರೆ ಲಾಭ, ತೀರಿಸದಿದ್ದರೆ ಬಡ್ಡಿ ಬೆಳೆಯುತ್ತದೆ. ತಾಂತ್ರಿಕ ಸಾಲ ಎಂಬ ಈ ಉಪಮೆ ಇಂದು ಪ್ರತಿ ಕಂಪನಿಯ ಸಭೆಯಲ್ಲೂ ಕೇಳುತ್ತದೆ. ನನಗೆ ಇದರ ಬಗ್ಗೆ ಒಂದು ತಕರಾರಿದೆ. ಸಾಲಕ್ಕೆ ಸಾಲ ಕೊಟ್ಟವನಿರುತ್ತಾನೆ, ಗಡುವಿರುತ್ತದೆ, ಸಾಲ ಮಾಡಿದವನ ಆಸ್ತಿ-ಜವಾಬ್ದಾರಿ ಪಟ್ಟಿಯಲ್ಲಿ ಅದು ಕಾಣಬೇಕು. ತಾಂತ್ರಿಕ ಸಾಲ ಯಾವ ಕಂಪನಿಯ ಪಟ್ಟಿಯಲ್ಲೂ ಕಾಣುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಬಡ್ಡಿಯನ್ನು ಸಾಲ ಮಾಡಿದವನೇ ಕಟ್ಟಬೇಕೆಂಬ ನಿಯಮವಿಲ್ಲ. ಹೊರೈಜನ್ನಿನಲ್ಲಿ ಮರುಬರಹ ಬೇಡ ಎಂದು ಉಳಿಸಿದ ಹಣದ ಬಡ್ಡಿಯನ್ನು ಕಟ್ಟಿದವರು ಹಾಲು ಬ್ರೆಡ್ಡು ಮಾರುತ್ತಿದ್ದವರು.

1999ರ ಸ್ವೀಕಾರ ಪರೀಕ್ಷೆಯಲ್ಲೇ ಶಾಖೆಯ ಅಂಕಿಯೂ ಕೇಂದ್ರಕ್ಕೆ ತಲುಪಿದ ಅಂಕಿಯೂ ಹೊಂದುತ್ತಿಲ್ಲ ಎಂಬುದು ಗಂಭೀರ ದೋಷಗಳ ಪಟ್ಟಿಯಲ್ಲಿತ್ತು. ಮಾತುಕತೆ ನಡೆದು, ಭರವಸೆಗಳು ವಿನಿಮಯವಾಗಿ, ಅಳವಡಿಕೆ ಮುಂದುವರಿಯಿತು. ಅದೇ ಕಾಲದಲ್ಲಿ ಇನ್ನೊಂದು ಕಡೆ ಇನ್ನೊಂದು ಸಡಿಲಿಕೆ ನಡೆಯಿತು. 1984ರ ಕಾಯ್ದೆಯ 69ನೇ ಕಲಮಿನ ಪ್ರಕಾರ, ಕಂಪ್ಯೂಟರಿನ ದಾಖಲೆಯನ್ನು ಕ್ರಿಮಿನಲ್ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ತರುವವರು ಆ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದು ತೋರಿಸಬೇಕಿತ್ತು. ಇದು ಅನಗತ್ಯ ಗೋಳು ಎಂದು ಕಾನೂನು ಆಯೋಗ ಹೇಳಿದ ಮೇಲೆ 1999ರ ಕಾಯ್ದೆಯೊಂದು ಆ ಕಲಮನ್ನು ತೆಗೆಯಿತು. 2000ದ ಏಪ್ರಿಲ್‌ನಿಂದ ಅದು ಜಾರಿಗೆ ಬಂತು. ಅಲ್ಲಿಂದ ಮುಂದೆ, ತದ್ವಿರುದ್ಧ ಪುರಾವೆ ಬರುವವರೆಗೆ, ಯಂತ್ರ ಸರಿಯಿದೆ ಎಂದೇ ಇಂಗ್ಲೆಂಡಿನ ನ್ಯಾಯಾಲಯಗಳು ಭಾವಿಸತೊಡಗಿದವು. ಹೊರೈಜನ್ ಊರೂರಿಗೆ ಹೋಗುತ್ತಿದ್ದುದೂ ಆ ತಿಂಗಳುಗಳಲ್ಲೇ.

ಮೊದಲ ಹೊರೈಜನ್ನಿನ ತಳದಲ್ಲಿ ರಿಪೋಸ್ಟ್ ಎಂಬ ಸಂದೇಶ ವ್ಯವಸ್ಥೆಯಿತ್ತು. ಪ್ರತಿ ವ್ಯವಹಾರವೂ ಒಂದು ಸಂದೇಶ. ಶಾಖೆಯ ಪ್ರತಿ ಕೌಂಟರಿನ ಗಣಕವೂ ಆ ಸಂದೇಶಗಳ ಪ್ರತಿಯನ್ನು ಇಟ್ಟುಕೊಂಡು ಪರಸ್ಪರ ಹಂಚಿಕೊಳ್ಳಬೇಕು. ದೂರವಾಣಿ ಸಂಪರ್ಕ ಕಡಿದರೂ ಕೆಲಸ ನಿಲ್ಲದಿರಲಿ ಎಂಬ ಜಾಣತನ ಇದರಲ್ಲಿತ್ತು, ಅದನ್ನು ಅಲ್ಲಗಳೆಯಬಾರದು. ಆದರೆ ಒಂದೇ ಅಂಗಡಿಯಲ್ಲಿ ನಾಲ್ಕು ಜನ ನಾಲ್ಕು ರೋಜು ಪುಸ್ತಕ ಇಟ್ಟು, ಪರಸ್ಪರ ನೋಡಿ ನಕಲು ಮಾಡಿಕೊಳ್ಳುತ್ತಿದ್ದರೆ ಯಾವಾಗಲೋ ಒಬ್ಬನ ನಕಲು ನಿಂತೇ ನಿಲ್ಲುತ್ತದೆ. ಸ್ಕಾಟ್ಲೆಂಡಿನ ಫಾಲ್‌ಕರ್ಕ್ ಊರಿನ ಕ್ಯಾಲೆಂಡರ್ ಸ್ಕ್ವೇರ್ ಶಾಖೆಯ ಹೆಸರಿನಿಂದ ಪ್ರಸಿದ್ಧವಾದ ದೋಷ ಅದೇ. ಒಂದು ಗಣಕದ ಸಂದೇಶ ಇನ್ನೊಂದಕ್ಕೆ ಕಾಣುತ್ತಿರಲಿಲ್ಲ. ಒಂದು ಕೌಂಟರಿನಿಂದ ಇನ್ನೊಂದಕ್ಕೆ ವರ್ಗಾಯಿಸಿದ ಹಣ ಬಂದಿಲ್ಲವೆಂದು ತಿಳಿದು ಅದನ್ನೇ ಮತ್ತೊಮ್ಮೆ ಸ್ವೀಕರಿಸಿದರೆ, ಲೆಕ್ಕದಲ್ಲಿ ಒಂದೇ ಹಣ ಎರಡು ಸಲ ಸೇರುತ್ತಿತ್ತು. 2000ದಲ್ಲೇ ಕಂಡಿದ್ದ ಈ ದೋಷ 2006ರವರೆಗೆ ಉಳಿಯಿತು. ಸುಮಾರು 30 ಶಾಖೆಗಳನ್ನು ಮುಟ್ಟಿತು.

ಯಾರ್ಕ್‌ಷೈರಿನ ಕಡಲತೀರದ ಬ್ರಿಡ್ಲಿಂಗ್ಟನ್‌ನಲ್ಲಿ ಅಂಚೆ ನಡೆಸುತ್ತಿದ್ದ ಲೀ ಕ್ಯಾಸಲ್ಟನ್ ತಮ್ಮ ಲೆಕ್ಕ ತಾಳೆಯಾಗುತ್ತಿಲ್ಲವೆಂದು ಸಹಾಯವಾಣಿಗೆ 91 ಬಾರಿ ಕರೆ ಮಾಡಿದರು. ಕೊರತೆ ಸುಮಾರು 25,000 ಪೌಂಡ್. ಪೋಸ್ಟ್ ಆಫೀಸ್ ಸಿವಿಲ್ ದಾವೆ ಹೂಡಿತು. ವಕೀಲರಿಗೆ ಕೊಡಲು ಹಣವಿಲ್ಲದೆ ಕ್ಯಾಸಲ್ಟನ್ ತಾವೇ ವಾದಿಸಿ 2007ರಲ್ಲಿ ಸೋತರು. ಎದುರು ಪಕ್ಷದ ವೆಚ್ಚವೆಂದು ಅವರ ತಲೆಗೆ ಬಂದದ್ದು 3,21,000 ಪೌಂಡ್. ಅವರು ದಿವಾಳಿಯಾದರು. 25,000ಕ್ಕಾಗಿ ಮೂರು ಲಕ್ಷ ಸುರಿಯುವುದು ವಸೂಲಿಯ ಲೆಕ್ಕವಲ್ಲ. ಯಂತ್ರವನ್ನು ಪ್ರಶ್ನಿಸಿದರೆ ಏನಾಗುತ್ತದೆ ಎಂದು ಉಳಿದವರಿಗೆ ತೋರಿಸುವ ಲೆಕ್ಕ.

ಇನ್ನು 2005. ನನ್ನ ಮಟ್ಟಿಗೆ ಈ ಚರಿತ್ರೆಯ ನಡುಗಂಬ ಈ ವರ್ಷ. ಜೈಲಿನ ಸುದ್ದಿಗಳ ನಡುವೆ ಇದನ್ನು ಗಮನಿಸಿದವರು ಕಡಿಮೆ. ಅಲ್ಲಿಯವರೆಗೆ ಶಾಖೆಯವರು ವಿವಾದದ ಮೊತ್ತವನ್ನು ಅನುಮತಿ ಪಡೆದು ಸ್ಥಳೀಯ ಅಮಾನತು ಖಾತೆಯಲ್ಲಿ ಇಟ್ಟುಕೊಂಡು, ಕಾರಣ ಸಿಗುವವರೆಗೆ ಕಾಯಬಹುದಿತ್ತು. 2005ರಲ್ಲಿ ಲೆಕ್ಕದ ವ್ಯವಸ್ಥೆಯನ್ನು ಬದಲಿಸಿ, ವಾರದ ಹಾಳೆಯ ಜಾಗದಲ್ಲಿ ನಾಲ್ಕೈದು ವಾರಗಳ ವ್ಯಾಪಾರ ಅವಧಿಯ ಪತ್ರ ತಂದರು. ಆಗ ಆ ಸೌಲಭ್ಯ ಹೋಯಿತು. ಅಮಾನತು ಖಾತೆ ಎಂಬ ಹೆಸರು ತಂತ್ರಾಂಶದ ಒಳಗೆ ಉಳಿಯಿತು, ಆಸರೆ ಹೋಯಿತು. ಅವಧಿ ಮುಗಿಯುವ ಮೊದಲು ಅದನ್ನು ಸೊನ್ನೆ ಮಾಡಲೇಬೇಕು. ಮಾಡುವುದು ಹೇಗೆ? ಕೊರತೆಯನ್ನು ಕೈಯಿಂದ ತುಂಬಬೇಕು, ಅಥವಾ 150 ಪೌಂಡಿಗೆ ಮೀರಿದ್ದರೆ ಕೇಂದ್ರದಲ್ಲಿ ಇತ್ಯರ್ಥ ಎಂಬ ಗುಂಡಿ ಒತ್ತಬೇಕು. ಆ ಎರಡನೆಯದರ ಅರ್ಥವೂ ಸಾಲವನ್ನು ಒಪ್ಪಿಕೊಂಡೆ ಎಂದೇ. 'ನನಗಿದು ಒಪ್ಪಿಗೆಯಿಲ್ಲ' ಎನ್ನುವ ಗುಂಡಿ ಪರದೆಯ ಮೇಲೆ ಇರಲಿಲ್ಲ. ಎರಡೂ ಮಾಡದಿದ್ದರೆ ಮುಂದಿನ ಅವಧಿಗೆ ಯಂತ್ರ ದಾಟಿಸುವುದಿಲ್ಲ, ಮಾರನೆಯ ದಿನ ಕೌಂಟರ್ ತೆರೆಯುವಂತಿಲ್ಲ, ಪಿಂಚಣಿಗೆ ಬಂದ ಮುದುಕಿಯನ್ನು ವಾಪಸ್ ಕಳಿಸಬೇಕು.

ಇಕ್ಕಟ್ಟಿನಲ್ಲಿದ್ದವರು ಏನು ಮಾಡಿದರು? ಇಲ್ಲದ ನಗದನ್ನು ಇದೆಯೆಂದು ನಮೂದಿಸಿ ಅವಧಿ ದಾಟಿಸಿದರು, ನಾಳೆ ಸರಿಹೋದೀತು ಎಂಬ ಆಸೆಯಲ್ಲಿ. ಕಾನೂನು ಅದನ್ನು ಸುಳ್ಳು ಲೆಕ್ಕ ಎಂದು ಕರೆಯಿತು. ಹ್ಯಾಂಪ್‌ಷೈರಿನ ಸೌತ್ ವಾರ್ನ್‌ಬರೋ ಹಳ್ಳಿಯ ಜೋ ಹ್ಯಾಮಿಲ್ಟನ್ ಅವರದು ಇಂಥದ್ದೇ ಪ್ರಕರಣ. ಅವರಿಗೆ ಒಮ್ಮೆ 2,000 ಪೌಂಡ್ ಕೊರತೆ ಬಂದಾಗ ಸಹಾಯವಾಣಿ ಹೇಳಿದಂತೆ ಕೀಲಿ ಒತ್ತುತ್ತಿದ್ದಂತೆ ಅದು ಕಣ್ಣೆದುರೇ 4,000 ಆಯಿತು. ಮನೆ ಅಡವಿಟ್ಟು ತುಂಬಿದರೂ ತಪ್ಪಲಿಲ್ಲ. ಕಳ್ಳತನದ ಆರೋಪ ಕೈಬಿಡುತ್ತೇವೆಂಬ ಒಪ್ಪಂದದ ಮೇಲೆ ಸುಳ್ಳು ಲೆಕ್ಕದ ತಪ್ಪನ್ನು ಒಪ್ಪಿಕೊಂಡರು. ಸತ್ಯ ಬರೆಯಲು ಜಾಗವಿಲ್ಲದ ನಮೂನೆಯನ್ನು ಕೊಟ್ಟು, ಸುಳ್ಳು ತುಂಬಿದಿರಿ ಎಂದು ಶಿಕ್ಷಿಸುವುದು. ನಮ್ಮಲ್ಲಿ ನೌಕರನನ್ನು ಕೆಲಸದಿಂದ ತಡೆಹಿಡಿಯುವುದಕ್ಕೂ ಅಮಾನತು ಎಂದೇ ಹೇಳುತ್ತೇವೆ. ಹೊರೈಜನ್ನಿನಲ್ಲಿ ಮೊದಲು ಖಾತೆ ಅಮಾನತಾಯಿತು, ಆಮೇಲೆ ಮನುಷ್ಯರು.

ಇದರ ಇನ್ನೊಂದು ಮುಖ ಇನ್ನೂ ಕಹಿ. ಶಾಖೆಗಳಿಂದ ಕಿತ್ತುಕೊಂಡ ಅನುಕೂಲವನ್ನು ಕೇಂದ್ರ ಕಚೇರಿ ತಾನು ಇಟ್ಟುಕೊಂಡಿತ್ತು. ಬ್ಯಾಂಕುಗಳೊಡನೆ, ಇತರ ಗ್ರಾಹಕ ಸಂಸ್ಥೆಗಳೊಡನೆ ತಾಳೆಯಾಗದ ಮೊತ್ತಗಳು ಪೋಸ್ಟ್ ಆಫೀಸಿನ ಸ್ವಂತ ಅಮಾನತು ಖಾತೆಗಳಲ್ಲಿ ಕೂತಿರುತ್ತಿದ್ದವು. ವಾರಸುದಾರರು ಸಿಗದ ಜಮಾ ಬಾಕಿಯನ್ನು ಮೂರು ವರ್ಷಗಳ ನಂತರ ಲಾಭ-ನಷ್ಟದ ಖಾತೆಗೆ ಸೇರಿಸುತ್ತಿದ್ದರು. ಸೆಕೆಂಡ್ ಸೈಟ್ ಎಂಬ ಸ್ವತಂತ್ರ ಲೆಕ್ಕ ತನಿಖಾ ಸಂಸ್ಥೆ ಕೇಳಿದ ಪ್ರಶ್ನೆ ಸರಳ. ಹೀಗೆ ಲಾಭವೆಂದು ಸೇರಿಸಿದ್ದರಲ್ಲಿ, ಇಲ್ಲದ ಕೊರತೆಯನ್ನು ತುಂಬಿದ ಅಂಗಡಿಯವರ ಹಣ ಎಷ್ಟು? ಅವರಿಗೆ ಬೇಕಾದ ದಾಖಲೆಗಳು ಪೂರ್ತಿ ಸಿಗಲಿಲ್ಲ. 2015ರಲ್ಲಿ ಅವರ ನೇಮಕವನ್ನೇ ಕೊನೆಗೊಳಿಸಲಾಯಿತು.

ಆಡಿಟ್ ಎಂಬ ಮಾತಿನ ಬಗ್ಗೆಯೂ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಶಾಖೆಗೆ ಬಂದು ಬಾಗಿಲು ಹಾಕಿಸಿ ತಪಾಸಣೆ ಮಾಡುತ್ತಿದ್ದವರನ್ನು ಆಡಿಟರುಗಳೆಂದು ಕರೆಯುತ್ತಿದ್ದರು. ಅವರು ಮಾಡುತ್ತಿದ್ದುದು ಪೆಟ್ಟಿಗೆಯ ನಗದು, ಅಂಚೆಚೀಟಿ ಎಣಿಸಿ ಯಂತ್ರದ ಅಂಕಿಯೊಡನೆ ಹೋಲಿಸುವುದು. ಯಂತ್ರದ ಅಂಕಿ ಎಲ್ಲಿಂದ ಬಂತು, ಅದರ ಹಿಂದೆ ರಸೀದಿ ಇದೆಯೇ ಎಂದು ನೋಡುವುದು ಅವರ ಕೆಲಸವಾಗಿರಲಿಲ್ಲ. ಎರಡು ಅಂಕಿಗಳಲ್ಲಿ ಒಂದನ್ನು ಮೊದಲೇ ಸತ್ಯವೆಂದು ಇಟ್ಟುಕೊಂಡರೆ ಅದು ಎಣಿಕೆ, ಲೆಕ್ಕಪರಿಶೋಧನೆಯಲ್ಲ. ಕಂಪನಿಯ ನಿಜವಾದ ಬಾಹ್ಯ ಲೆಕ್ಕಪರಿಶೋಧಕರು 2011ರಲ್ಲಿ ಫುಜಿತ್ಸು ಸಿಬ್ಬಂದಿಗೆ ವ್ಯವಸ್ಥೆಯ ಒಳಗೆ ವಿಪರೀತ ಅಧಿಕಾರವಿದೆ, ಅದರ ಮೇಲೆ ನಿಯಂತ್ರಣ ಸಾಲದು ಎಂದು ಆಡಳಿತಕ್ಕೆ ಬರೆದಿದ್ದರು.

ಅದು ನಿಜವೂ ಆಗಿತ್ತು. ಫುಜಿತ್ಸುವಿನ ತಂತ್ರಜ್ಞರು ದೂರದಿಂದಲೇ ಶಾಖೆಯ ಲೆಕ್ಕಕ್ಕೆ ನಮೂದು ಸೇರಿಸಬಲ್ಲವರಾಗಿದ್ದರು. ಹಳೆಯ ಹೊರೈಜನ್ನಿನಲ್ಲಿ ಅಂಥ ನಮೂದು ಕೌಂಟರಿನಲ್ಲೇ ಹುಟ್ಟಿದಂತೆ ಕಾಣುವುದೂ ಸಾಧ್ಯವಿತ್ತು. ದೋಷಗಳು ಹೆಚ್ಚಾದಂತೆ, ಮೂಲವನ್ನು ಸರಿಪಡಿಸುವುದಕ್ಕಿಂತ ದತ್ತಾಂಶವನ್ನು ಕೈಯಿಂದ ತಿದ್ದುವುದು ಸುಲಭವಾಗುತ್ತದೆ. ಮುಪ್ಪಾದ ತಂತ್ರಾಂಶಗಳೆಲ್ಲ ಹಿಡಿಯುವ ಹಾದಿ ಇದು. ಹೀಗೆ ಯಾರೂ ಒಳಬರಲು ಸಾಧ್ಯವೇ ಇಲ್ಲ ಎಂದು ಪೋಸ್ಟ್ ಆಫೀಸ್ ವರ್ಷಗಟ್ಟಲೆ ಹೇಳುತ್ತಿತ್ತು.

2010ರಲ್ಲಿ ಹೊರೈಜನ್ ಆನ್‌ಲೈನ್ ಬಂತು. ಶಾಖೆಯಲ್ಲಿ ಪ್ರತಿ ಇಡುವುದು ನಿಂತು ಎಲ್ಲವೂ ಕೇಂದ್ರದ ದತ್ತಕೋಶಕ್ಕೆ ಹೋಗತೊಡಗಿತು. ಹಳೆಯ ರೋಗ ಹೋಗಿ ಹೊಸದು ಬಂತು. ಅವಧಿ ದಾಟಿಸುವಾಗ ವ್ಯತ್ಯಾಸವನ್ನು ಅಮಾನತು ಖಾತೆಗೆ ಕಳಿಸಲೇ ಎಂದು ಯಂತ್ರ ಕೇಳುತ್ತಿತ್ತು. ಆ ಘಟ್ಟದಲ್ಲಿ ರದ್ದು ಎಂಬ ಗುಂಡಿ ಒತ್ತಿ ಮುಂದುವರಿದರೆ, ಶಾಖೆಯ ಪರದೆಯಲ್ಲಿ ವ್ಯತ್ಯಾಸ ಮಾಯ, ಕೇಂದ್ರದ ಪುಸ್ತಕದಲ್ಲಿ ಮಾತ್ರ ಹಾಗೇ ಇದೆ. ಸುಮಾರು 60 ಶಾಖೆಗಳಲ್ಲಿ ಹೀಗಾಯಿತು. ಅಂಗಡಿಯವರಿಗೆ ತಿಳಿಸದೆ ಅವರ ಲೆಕ್ಕವನ್ನು ಬದಲಿಸಿಬಿಡೋಣವೇ ಎಂಬುದೂ ಪರಿಹಾರಗಳಲ್ಲೊಂದಾಗಿ ಆಗ ಚರ್ಚೆಯಾಗಿದ್ದು, ನಡೆಯುತ್ತಿರುವ ಮೊಕದ್ದಮೆಗಳ ಮೇಲೆ ಪರಿಣಾಮವಾದೀತೆಂದು ಅಳುಕಿದ್ದು ದಾಖಲೆಯಲ್ಲಿದೆ. ಅದೇ ಅಕ್ಟೋಬರಿನಲ್ಲಿ ಸರ್ರೆಯ ವೆಸ್ಟ್ ಬೈಫ್ಲೀಟ್‌ನ ಸೀಮಾ ಮಿಶ್ರಾ ಅವರ ವಿಚಾರಣೆ ನಡೆಯುತ್ತಿತ್ತು. ಕೊರತೆ 74,000 ಪೌಂಡ್. ಕಂಪ್ಯೂಟರ್ ತಪ್ಪಿರಬಹುದೆಂದು ಅವರು ಪಟ್ಟುಹಿಡಿದು ವಾದಿಸಿದರು. ಈ ದೋಷದ ವಿಷಯ ಅವರ ವಕೀಲರ ಕೈಗೆ ಬರಲಿಲ್ಲ. 15 ತಿಂಗಳ ಜೈಲು. ಆಗ ಅವರು ಗರ್ಭಿಣಿ. ಶಿಕ್ಷೆ ಘೋಷಣೆಯಾದ ದಿನ ಮೊದಲ ಮಗನಿಗೆ ಹತ್ತನೆಯ ಹುಟ್ಟುಹಬ್ಬ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಬಾಲ್ಯದಿಂದ ಕೇಳಿದ್ದೇನೆ. ಇಷ್ಟು ಅಕ್ಷರಶಃ ನಡೆದದ್ದನ್ನು ಬೇರೆಲ್ಲೂ ಕಂಡಿಲ್ಲ.

ಆಮೇಲೆ ಹಳೆಯ ಅಮಾನತು ಖಾತೆಯ ದೆವ್ವವೂ ಎದ್ದಿತು. 2010ರ ಕೊನೆಯ ಕೆಲವು ನಮೂದುಗಳು ದತ್ತಕೋಶದಿಂದ ಅಳಿಯದೆ ಉಳಿದು, ಮರುವರ್ಷ ಅದೇ ಅವಧಿಯ ಸಂಖ್ಯೆ ಬಂದಾಗ ಹೊಸ ನಮೂದಿನಂತೆ ಲೆಕ್ಕಕ್ಕೆ ಸೇರಿದವು. ಅದರ ಮರುವರ್ಷ ಮತ್ತೆ. 14 ಶಾಖೆಗಳಿಗೆ ತಗುಲಿದ ಈ ದೋಷ ಪತ್ತೆಯಾಗಿದ್ದು 2013ರಲ್ಲಿ. ಇನ್ನೊಂದು, ಸ್ಕಾಟ್ಲೆಂಡಿನ ಡಾಲ್‌ಮೆಲಿಂಗ್ಟನ್‌ನಲ್ಲಿ 2015ರಲ್ಲಿ ಬಯಲಾದದ್ದು. 8,000 ಪೌಂಡಿನ ಒಂದು ಚೀಲವನ್ನು ಸ್ವೀಕರಿಸುವಾಗ ಪರದೆ ಸ್ತಬ್ಧವಾಗಿ, ನಿರ್ವಾಹಕಿ ಎಂಟರ್ ಕೀಲಿಯನ್ನು ಮತ್ತೆ ಮತ್ತೆ ಒತ್ತಿದರು. ಒತ್ತಿದ ಪ್ರತಿ ಸಲವೂ ಚೀಲ ಬಂತೆಂದು ಯಂತ್ರ ಬರೆದುಕೊಂಡಿತು, ನಾಲ್ಕು ಸಲ. ಇಲ್ಲದ 24,000 ಪೌಂಡಿಗೆ ಆಕೆ ಬಾಧ್ಯಸ್ಥರಾದರು. ಹುಡುಕಿದಾಗ ಈ ದೋಷ ಐದು ವರ್ಷದಿಂದ ಅಲ್ಲೇ ಇತ್ತು. ಒಂದೇ ರಸೀದಿಯನ್ನು ಎರಡು ಬಾರಿ ನಮೂದಿಸಬಾರದು ಎಂಬುದು ಕಿರಾಣಿ ಅಂಗಡಿಯ ಗುಮಾಸ್ತನಿಗೂ ಗೊತ್ತಿರುವ ಮಾತು.

ಮುಂದಿನದನ್ನು ಚುಟುಕಾಗಿ ಹೇಳಬಹುದು. ವೇಲ್ಸಿನ ಅಲನ್ ಬೇಟ್ಸ್ ತಮ್ಮ ಕೊರತೆಯನ್ನು ಒಪ್ಪದೆ 2003ರಲ್ಲಿ ಅಂಚೆ ಕಳೆದುಕೊಂಡವರು. 2009ರಲ್ಲಿ ಕಂಪ್ಯೂಟರ್ ವೀಕ್ಲಿ ಪತ್ರಿಕೆ ಏಳು ಜನರ ಅನುಭವ ಪ್ರಕಟಿಸಿದ ಮೇಲೆ, ತಾನೊಬ್ಬನೇ ಎಂದುಕೊಂಡಿದ್ದವರೆಲ್ಲ ಒಬ್ಬರನ್ನೊಬ್ಬರು ಕಂಡುಕೊಂಡರು. 555 ಜನ ಸೇರಿ ಹೂಡಿದ ದಾವೆಯಲ್ಲಿ ನ್ಯಾಯಮೂರ್ತಿ ಫ್ರೇಸರ್ 2019ರ ಡಿಸೆಂಬರಿನಲ್ಲಿ, ಹಳೆಯ ಹೊರೈಜನ್ ಭದ್ರವಾದ ವ್ಯವಸ್ಥೆಯಾಗಿರಲೇ ಇಲ್ಲ, ಆನ್‌ಲೈನ್ ರೂಪ ಅದಕ್ಕಿಂತ ಕೊಂಚ ಮೇಲಷ್ಟೇ ಎಂದು ತೀರ್ಪು ಕೊಟ್ಟರು. ಒಪ್ಪಂದದ 5.775 ಕೋಟಿ ಪೌಂಡಿನಲ್ಲಿ ಹೆಚ್ಚಿನದು ದಾವೆಯ ಖರ್ಚಿಗೇ ಹೋಯಿತು. 2021ರ ಏಪ್ರಿಲಿನಲ್ಲಿ ಮೇಲ್ಮನವಿ ನ್ಯಾಯಾಲಯ 39 ಜನರ ಶಿಕ್ಷೆ ರದ್ದು ಮಾಡಿತು, ಸೀಮಾ ಮಿಶ್ರಾ, ಜೋ ಹ್ಯಾಮಿಲ್ಟನ್ ಅವರಲ್ಲಿದ್ದರು. 2024ರ ಮೇ ತಿಂಗಳಲ್ಲಿ ಸಂಸತ್ತು ಕಾಯ್ದೆ ಮಾಡಿ ಉಳಿದ ನೂರಾರು ಶಿಕ್ಷೆಗಳನ್ನು ಒಟ್ಟಿಗೆ ತೊಡೆದುಹಾಕಿತು. ಸರ್ ವಿನ್ ವಿಲಿಯಮ್ಸ್ ನೇತೃತ್ವದ ವಿಚಾರಣೆಯ ಮೊದಲ ಸಂಪುಟ 2025ರ ಜುಲೈನಲ್ಲಿ ಬಂತು. ಕನಿಷ್ಠ 13 ಜನ ಇದರಿಂದ ಆತ್ಮಹತ್ಯೆ ಮಾಡಿಕೊಂಡಿರಬಹುದು ಎಂದು ಅದರಲ್ಲಿದೆ.

ಹೊರೈಜನ್ ಒಂದು ಅಪವಾದ, ಒಂದು ಕೆಟ್ಟ ಯೋಜನೆ, ಅಷ್ಟೇ ಎಂದು ಹೇಳುವವರಿದ್ದಾರೆ. ಅದಕ್ಕೂ ಹಿಂದೆ, 1990ರ ದಶಕದಲ್ಲಿ, ಕೆಲವು ಶಾಖೆಗಳಲ್ಲಿ ಕ್ಯಾಪ್ಚರ್ ಎಂಬ ಸಣ್ಣ ಲೆಕ್ಕದ ತಂತ್ರಾಂಶವಿತ್ತು. ಅದನ್ನು ಬಳಸಿದವರಲ್ಲೂ ಕೆಲವರಿಗೆ ಶಿಕ್ಷೆಯಾಗಿತ್ತು. 2024ರಲ್ಲಿ ಸರ್ಕಾರ ಮಾಡಿಸಿದ ತನಿಖೆ ಆ ತಂತ್ರಾಂಶವೂ ಇಲ್ಲದ ಕೊರತೆಯನ್ನು ಸೃಷ್ಟಿಸಿರುವ ಸಾಧ್ಯತೆ ಸಾಕಷ್ಟಿದೆ ಎಂದಿತು. ಯಂತ್ರವನ್ನು ನಂಬುವ ಕಾನೂನಿನ ಭಾವನೆ ಬದಲಾಗಬೇಕೇ ಎಂದು ನ್ಯಾಯ ಇಲಾಖೆ 2025ರ ಜನವರಿಯಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಹೊರೈಜನ್ನಿನ ಜಾಗದಲ್ಲಿ ಹೊಸದೊಂದನ್ನು ತಾನೇ ಕಟ್ಟಲು ಪೋಸ್ಟ್ ಆಫೀಸ್ ಹೊರಟಿತ್ತು. ವೆಚ್ಚ ಏರಿ, ಗಡುವು ಜಾರಿ, ಆ ಯೋಜನೆ ಮೂಲ ರೂಪದಲ್ಲಿ ಮುಂದುವರಿಯಲಿಲ್ಲ. ಫುಜಿತ್ಸುವಿನ ಗುತ್ತಿಗೆಯನ್ನು ಮತ್ತೆ ಮತ್ತೆ ವಿಸ್ತರಿಸಲಾಯಿತು. 2025ರಲ್ಲೂ ಅಂಚೆಚೀಟಿ ಕೊಳ್ಳಲು ಹೋದರೆ ಕೌಂಟರಿನ ಆಚೆ ಬದಿಯಲ್ಲಿ ರಸೀದಿ ಮುದ್ರಿಸುತ್ತಿದ್ದುದು ಹೊರೈಜನ್ನೇ.